ಪರದೆ ಎಳೆದು, ಪಕ್ಕದಲ್ಲಿ ಕುಳಿತು: ಹಿಂಸೆ ಅನುಭವಿಸುವ ಮಹಿಳೆಗೆ ನರ್ಸ್ ನೆರವಾಗುವ ಬಗೆ

ಮುಂಗೈಗೆ ಪೆಟ್ಟಾಗಿದೆ ಎಂದು ಒಬ್ಬ ಹೆಂಗಸು ಬಂದಿದ್ದಾಳೆ. ಮೆಟ್ಟಿಲಿನಲ್ಲಿ ಜಾರಿಬಿದ್ದೆ ಎನ್ನುತ್ತಾಳೆ. ಪ್ರತಿ ಉತ್ತರಕ್ಕೂ ಮುನ್ನ ಪಕ್ಕದಲ್ಲಿ ನಿಂತ ಗಂಡನ ಮುಖವನ್ನೊಮ್ಮೆ ನೋಡುತ್ತಾಳೆ. ವೈದ್ಯರು ಎಕ್ಸ್‌ರೇ ಬರೆದುಕೊಟ್ಟು ಮುಂದಿನ ರೋಗಿಯ ಕಡೆಗೆ ಹೋಗಿಬಿಡುತ್ತಾರೆ. ಬಿ.ಪಿ. ನೋಡುವುದು, ಗಾಯ ತೊಳೆಯುವುದು, ಬಟ್ಟೆ ಬದಲಿಸಲು ಕೈಕೊಡುವುದು ನಮ್ಮ ಪಾಲಿನ ಕೆಲಸ. ಹಾಗಾಗಿ ತೋಳಿನ ಬಟ್ಟೆ ಮೇಲಕ್ಕೆ ಸರಿದಾಗ ಒಳಗಿನ ಹಳೆಯ ಕಲೆಗಳು ಕಾಣಿಸುವುದೂ ನಮಗೇ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಅಂಥ ಕಲೆಗಳನ್ನು ಕಂಡು ನಾನು ಅಲ್ಲಿಯೇ, ಗಂಡನ ಎದುರಿನಲ್ಲೇ, "ಇದು ಯಾರು ಹೊಡೆದದ್ದು?" ಎಂದು ಕೇಳಿಬಿಟ್ಟಿದ್ದೆ. ಕೇಳಿದ್ದು ದೊಡ್ಡ ಧೈರ್ಯ ಎಂದು ಒಳಗೊಳಗೆ ಬೀಗಿಯೂ ಇದ್ದೆ. ಆಕೆ "ಯಾರೂ ಇಲ್ಲ ಸಿಸ್ಟರ್" ಎಂದಳು. ಡ್ರೆಸಿಂಗ್ ಬದಲಿಸಲು ಮೂರನೆಯ ದಿನ ಬರಬೇಕಿತ್ತು, ಬರಲಿಲ್ಲ. ಆ ರಾತ್ರಿ ಮನೆಯಲ್ಲಿ ನನ್ನ ಪ್ರಶ್ನೆಗೆ ಆಕೆ ಏನು ಬೆಲೆ ತೆತ್ತಳೋ ನನಗೆ ಗೊತ್ತಿಲ್ಲ. ಕೇಳಬೇಕು ನಿಜ, ಆದರೆ ಕೇಳುವುದಕ್ಕೊಂದು ಕ್ರಮವಿದೆ. ಈ ಲೇಖನ ಆ ಕ್ರಮದ ಬಗ್ಗೆ.

ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪ್ರಕಟಿಸಿದ ಅಂದಾಜಿನಂತೆ, ಜಗತ್ತಿನ ಮಹಿಳೆಯರಲ್ಲಿ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರು ಬದುಕಿನಲ್ಲಿ ಒಮ್ಮೆಯಾದರೂ ಸಂಗಾತಿಯಿಂದ ದೈಹಿಕ ಅಥವಾ ಲೈಂಗಿಕ ಹಿಂಸೆಯನ್ನೋ, ಸಂಗಾತಿಯಲ್ಲದವರಿಂದ ಲೈಂಗಿಕ ಹಿಂಸೆಯನ್ನೋ ಅನುಭವಿಸಿರುತ್ತಾರೆ. ನಮ್ಮ ವಾರ್ಡಿನಲ್ಲಿ ಅಂಥವರು ಯಾರೂ ಇಲ್ಲ ಎಂದು ನಿಮಗೆ ಅನ್ನಿಸುತ್ತಿದ್ದರೆ, ಅವರು ಇದ್ದಾರೆ, ಹೇಳಿಕೊಂಡಿಲ್ಲ ಅಷ್ಟೆ.

ಕೇಳುವ ಮೊದಲೇ ಮುಗಿದಿರಬೇಕಾದ ಕೆಲಸ

ಆಕೆ ಬಾಯಿ ಬಿಟ್ಟ ಮೇಲೆ ಸಹಾಯವಾಣಿಯ ಸಂಖ್ಯೆಗಾಗಿ ಡ್ರಾಯರ್ ತಡಕಾಡುವುದು ಸರಿಯಲ್ಲ. ಆಪ್ತಸಮಾಲೋಚಕರು ಯಾರು, ತಾತ್ಕಾಲಿಕ ಆಶ್ರಯ ಎಲ್ಲಿ ಸಿಗುತ್ತದೆ, ಉಚಿತ ಕಾನೂನು ನೆರವು ಯಾರು ಕೊಡುತ್ತಾರೆ, ರಾತ್ರಿ ಪಾಳಿಯಲ್ಲಿ ಇವರಲ್ಲಿ ಯಾರು ಫೋನ್ ಎತ್ತುತ್ತಾರೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಆ ಸಂಖ್ಯೆಗಳಿಗೆ ನೀವೇ ಒಮ್ಮೆ ಕರೆ ಮಾಡಿ ನೋಡಿ. ಗೋಡೆಗೆ ಅಂಟಿಸಿದ ಎಷ್ಟೋ ಸಂಖ್ಯೆಗಳು ಚಾಲ್ತಿಯಲ್ಲೇ ಇರುವುದಿಲ್ಲ.

ನಿಮ್ಮ ಊರಿನ ಕಾನೂನನ್ನೂ ತಿಳಿದಿರಬೇಕು. ಕೆಲವು ದೇಶಗಳಲ್ಲಿ ಕೆಲವು ಬಗೆಯ ಹಿಂಸೆಯನ್ನು ಪೊಲೀಸರಿಗೆ ತಿಳಿಸುವುದು ಆಸ್ಪತ್ರೆಯ ಕಡ್ಡಾಯ ಹೊಣೆ, ಕೆಲವೆಡೆ ಅದು ಮಹಿಳೆಯ ಇಚ್ಛೆಗೆ ಬಿಟ್ಟದ್ದು. ಮಕ್ಕಳು ಅಪಾಯದಲ್ಲಿದ್ದರೆ ನಿಯಮವೇ ಬೇರೆ. ನಿಮಗೆ ಅಂಥ ಹೊಣೆಯಿದ್ದರೆ, ಅದನ್ನು ಆಕೆ ಹೇಳಿಕೊಳ್ಳುವ ಮೊದಲೇ ಹೇಳಬೇಕು. "ನೀವು ಹೇಳಿದ್ದು ನನ್ನಲ್ಲೇ ಉಳಿಯುತ್ತದೆ. ಆದರೆ ಇಂಥ ಸಂದರ್ಭದಲ್ಲಿ ಮಾತ್ರ ನಾನು ತಿಳಿಸಲೇಬೇಕಾಗುತ್ತದೆ" ಎಂದು ಸ್ಪಷ್ಟಪಡಿಸಿದ ಮೇಲೆ ಎಷ್ಟು ಹೇಳಬೇಕೆಂಬುದನ್ನು ಆಕೆಯೇ ನಿರ್ಧರಿಸಲಿ.

ಯಾವಾಗ ಅನುಮಾನಿಸಬೇಕು

ಬಂದ ಪ್ರತಿಯೊಬ್ಬ ಮಹಿಳೆಯನ್ನೂ ಒಂದೇ ಪ್ರಶ್ನಾವಳಿ ಹಿಡಿದು ಕೇಳಿ ಎಂದು ವಿಶ್ವ ಆರೋಗ್ಯ ಸಂಸ್ಥೆಯ 2013ರ ಮಾರ್ಗಸೂಚಿ ಹೇಳುವುದಿಲ್ಲ. ಹಿಂಸೆಯಿಂದ ಉಂಟಾಗಿರಬಹುದಾದ ಅಥವಾ ಅದರಿಂದ ಉಲ್ಬಣಿಸಿರಬಹುದಾದ ತೊಂದರೆ ಕಂಡಾಗ ಕೇಳಿ ಎನ್ನುತ್ತದೆ. ಕೇಳಲು ಖಾಸಗಿ ಜಾಗ, ತರಬೇತಿ ಪಡೆದ ಸಿಬ್ಬಂದಿ, ಮುಂದೆ ಕಳುಹಿಸಲು ವ್ಯವಸ್ಥೆ ಇವಿಷ್ಟೂ ಇರಬೇಕೆಂಬ ಷರತ್ತನ್ನೂ ಇಡುತ್ತದೆ. ಗರ್ಭಿಣಿಯರ ತಪಾಸಣೆಯ ಮಾತು ಸ್ವಲ್ಪ ಬೇರೆ. ಆಕೆ ಮತ್ತೆ ಮತ್ತೆ ಬರುವುದರಿಂದ ನಂಬಿಕೆ ಬೆಳೆಯಲು, ವಿಚಾರಿಸಲು ಅವಕಾಶ ಹೆಚ್ಚು.

ಗಾಯಗಳಲ್ಲಿ ಮೊದಲು ನೋಡಬೇಕಾದದ್ದು ಜಾಗ. ಆಕಸ್ಮಿಕವಾಗಿ ಬಿದ್ದಾಗ ಸಾಮಾನ್ಯವಾಗಿ ಅಂಗೈ, ಮಂಡಿ, ಮೊಣಕೈಯಂಥ ಹೊರಚಾಚಿದ ಭಾಗಗಳು ತರಚುತ್ತವೆ. ಮುಖ, ಕುತ್ತಿಗೆ, ಎದೆ, ಹೊಟ್ಟೆಯ ಪೆಟ್ಟುಗಳು, ಅದರಲ್ಲೂ ಬಟ್ಟೆಯೊಳಗೆ ಅಡಗುವಂಥವು, ಬೇರೆ ಕಥೆ ಹೇಳುತ್ತವೆ. ಮುಂಗೈಯ ಹೊರಅಂಚಿನ, ಅಂದರೆ ಕಿರುಬೆರಳಿನ ಕಡೆಯ ಪೆಟ್ಟು, ತಲೆಯನ್ನು ಕಾಪಾಡಿಕೊಳ್ಳಲು ಕೈ ಅಡ್ಡ ಹಿಡಿದಾಗ ಆಗಿರಬಹುದು. ಹೊಸ ಗಾಯದ ಪಕ್ಕದಲ್ಲೇ ಮಾಗುತ್ತಿರುವ ಗಾಯ, ಹೇಳಿದ ಕಾರಣಕ್ಕೂ ಗಾಯದ ರೂಪಕ್ಕೂ ತಾಳೆಯಾಗದಿರುವುದು, ಪೆಟ್ಟಾಗಿ ದಿನಗಳು ಕಳೆದ ಮೇಲೆ ಬರುವುದು, ಇವೆಲ್ಲ ಸುಳಿವುಗಳೇ ಹೊರತು ತೀರ್ಪಲ್ಲ.

ಗಾಯವೇ ಇಲ್ಲದೆ ಬರುವವರು ಹೆಚ್ಚು. ಕಾರಣ ಸಿಗದ ತಲೆನೋವು, ಹೊಟ್ಟೆನೋವು, ಕಿಬ್ಬೊಟ್ಟೆಯ ನೋವು, ಮತ್ತೆ ಮತ್ತೆ ಮೂತ್ರದ ಸೋಂಕು, ನಿದ್ದೆಯಿಲ್ಲದಿರುವುದು, ಖಿನ್ನತೆ, ಆತ್ಮಹತ್ಯೆಯ ಯತ್ನ, ಬೇಡದ ಗರ್ಭ, ತಡವಾಗಿ ಶುರುವಾದ ಗರ್ಭಿಣಿ ತಪಾಸಣೆ ಇವುಗಳ ಹಿಂದೆ ಹಿಂಸೆ ಇರಬಹುದು. ಬಿಟ್ಟು ಕದಲದ ಸಂಗಾತಿ, ಆಕೆಗೆ ಕೇಳಿದ್ದಕ್ಕೆಲ್ಲ ತಾನೇ ಉತ್ತರಿಸುವ ಸಂಗಾತಿ ಕೂಡ ಒಂದು ಲಕ್ಷಣವೇ. ಇಷ್ಟಾಗಿಯೂ ಎಚ್ಚರವಿರಲಿ: ಹೆಂಡತಿಯ ಬಗ್ಗೆ ನಿಜವಾದ ಆತಂಕದಿಂದ ಪಕ್ಕದಲ್ಲೇ ನಿಲ್ಲುವ ಗಂಡಂದಿರೂ ಇದ್ದಾರೆ, ನಗುನಗುತ್ತಾ ನಮ್ಮನ್ನೆಲ್ಲ ಮೆಚ್ಚಿಸಿಬಿಡುವ ಹಿಂಸಕರೂ ಇದ್ದಾರೆ.

ಒಬ್ಬಳನ್ನೇ ಮಾತನಾಡಿಸುವುದು

ಈ ಹಂತದಲ್ಲಿ ರಾಜಿಯೇ ಇಲ್ಲ. ಗಂಡ, ಅತ್ತೆ, ತಾಯಿ, ಗೆಳತಿ ಯಾರೂ ಇರಬಾರದು. ಎರಡು ವರ್ಷ ದಾಟಿದ ಮಗುವಿನ ಎದುರಿನಲ್ಲೂ ಕೇಳಬಾರದು. ಮಗು ಕೇಳಿಸಿಕೊಂಡದ್ದನ್ನು ಮನೆಯಲ್ಲಿ ಹೇಳಿಬಿಡಬಹುದು. ಆಕೆಗೆ ನಮ್ಮ ಭಾಷೆ ಬಾರದಿದ್ದರೆ ಮನೆಯವರನ್ನು ದುಭಾಷಿಗಳಾಗಿ ಬಳಸಲೇಬೇಡಿ. ಆಸ್ಪತ್ರೆಯ ಬೇರೆ ಸಿಬ್ಬಂದಿಯನ್ನು ಕರೆಯಿರಿ, ಫೋನಿನಲ್ಲಾದರೂ ಸರಿ.

ಜೊತೆಗಿರುವವರನ್ನು ಹೊರಗೆ ಕಳುಹಿಸಲು ಅನುಮಾನ ಬಾರದ ನೆಪ ಬೇಕು. "ಇದು ಪರೀಕ್ಷೆಯ ಕೋಣೆ, ರೋಗಿಗಳಿಗೆ ಮಾತ್ರ" ಎಂಬ ನಿಯಮ ಎಲ್ಲರಿಗೂ ಅನ್ವಯಿಸುವಂತಿದ್ದರೆ ಒಳ್ಳೆಯದು. ಮೂತ್ರದ ಮಾದರಿ ಕೊಡಲು ಶೌಚಾಲಯದವರೆಗೆ ಆಕೆಯ ಜೊತೆ ನಡೆದು ಹೋಗುವುದು, ಎಕ್ಸ್‌ರೇ ಕೋಣೆಗೆ ಕರೆದೊಯ್ಯುವುದು, ಗಂಡನನ್ನು ನೋಂದಣಿ ಕೌಂಟರಿಗೆ ಕಳುಹಿಸುವುದು ಹಳೆಯ ನರ್ಸ್‌ಗಳೆಲ್ಲ ಬಲ್ಲ ಉಪಾಯಗಳು. ಪರದೆ ಗೋಡೆಯಲ್ಲ ಎಂಬುದು ನೆನಪಿರಲಿ. ಅದರಾಚೆ ನಿಂತವನಿಗೆ ಎಲ್ಲವೂ ಕೇಳಿಸುತ್ತದೆ. ಏಕಾಂತ ಸಿಗಲೇ ಇಲ್ಲವೆಂದರೆ ಅಂದು ಕೇಳಬೇಡಿ. ಡ್ರೆಸಿಂಗ್‌ಗೋ, ರಕ್ತಪರೀಕ್ಷೆಗೋ ಇನ್ನೊಮ್ಮೆ ಬರಲು ದಿನ ಕೊಡಿ.

ಪ್ರಶ್ನೆಯ ಮಾತುಗಳು

ಆಕೆ ಮಲಗಿದ್ದು ನೀವು ಮೇಲಿನಿಂದ ಬಾಗಿ ಕೇಳಿದರೆ ಅದು ವಿಚಾರಣೆಯಂತೆ ಕಾಣುತ್ತದೆ. ಕುರ್ಚಿ ಎಳೆದುಕೊಂಡು ಕುಳಿತುಕೊಳ್ಳಿ. ಕೇಸ್ ಶೀಟ್ ಪಕ್ಕಕ್ಕಿಡಿ. ಪುರುಷ ನರ್ಸ್ ಆಗಿದ್ದರೆ, ಮಹಿಳಾ ಸಹೋದ್ಯೋಗಿಯ ಜೊತೆ ಮಾತನಾಡಲು ಇಷ್ಟವೇ ಎಂದು ಮೊದಲೇ ಕೇಳಿ. ಆಮೇಲೆ ಸುತ್ತಿನಿಂದ ಶುರು ಮಾಡಬಹುದು:

"ಇಂಥ ತೊಂದರೆ ಇಟ್ಟುಕೊಂಡು ಬರುವ ಕೆಲವರಿಗೆ ಮನೆಯಲ್ಲಿ ಕಷ್ಟವಿರುವುದನ್ನು ನಾವು ನೋಡಿದ್ದೇವೆ. ಅದಕ್ಕೇ ಕೇಳುತ್ತಿದ್ದೇನೆ."

ಆಮೇಲೆ ನೇರವಾಗಿ: "ಮನೆಯಲ್ಲಿ ಯಾರಿಗಾದರೂ ನೀವು ಹೆದರುತ್ತೀರಾ?" "ಯಾರಾದರೂ ನಿಮ್ಮನ್ನು ಹೊಡೆಯುವುದು, ತಳ್ಳುವುದು, ಹೆದರಿಸುವುದು ಮಾಡುತ್ತಾರೆಯೇ?" "ನಿಮಗೆ ಇಷ್ಟವಿಲ್ಲದಾಗಲೂ ಬಲವಂತ ಮಾಡುತ್ತಾರೆಯೇ?" "ಹಣ, ಫೋನ್, ಹೊರಗೆ ಹೋಗುವುದು ಇವನ್ನೆಲ್ಲ ಬೇರೆಯವರು ಹಿಡಿತದಲ್ಲಿ ಇಟ್ಟುಕೊಂಡಿದ್ದಾರೆಯೇ?"

"ದೌರ್ಜನ್ಯ", "ಸಂತ್ರಸ್ತೆ" ಎಂಬ ಪದಗಳನ್ನು ನಾನು ಬಳಸುವುದಿಲ್ಲ. ಹತ್ತು ವರ್ಷದಿಂದ ಏಟು ತಿನ್ನುತ್ತಿರುವವಳೂ ಅದನ್ನು ದೌರ್ಜನ್ಯ ಎಂದು ಕರೆದುಕೊಂಡಿರುವುದಿಲ್ಲ. "ಕೋಪ ಬಂದಾಗ ಸ್ವಲ್ಪ ಕೈ ಮಾಡುತ್ತಾರೆ" ಎನ್ನುತ್ತಾಳೆ. ಆಕೆಯ ಮಾತನ್ನೇ ಹಿಡಿದು ಮುಂದುವರಿಯಿರಿ.

"ಹಾಗೇನೂ ಇಲ್ಲ" ಎಂದರೆ ಒತ್ತಾಯಿಸಬೇಡಿ. "ಸರಿ. ಮುಂದೆ ಯಾವತ್ತಾದರೂ ಮಾತನಾಡಬೇಕು ಅನ್ನಿಸಿದರೆ ನಾನಿಲ್ಲಿರುತ್ತೇನೆ, ನಾನಿಲ್ಲದಿದ್ದರೆ ಇಂಥವರಿರುತ್ತಾರೆ" ಎಂದಷ್ಟೇ ಹೇಳಿ. ಇಲ್ಲ ಎಂದವಳು ಸುಳ್ಳು ಹೇಳುತ್ತಿದ್ದಾಳೆಂದು ಭಾವಿಸುವುದು ನಮ್ಮ ಅಹಂಕಾರ. ತನ್ನ ಸುರಕ್ಷತೆಯ ಲೆಕ್ಕ ಆಕೆಗೆ ನಮಗಿಂತ ಚೆನ್ನಾಗಿ ಗೊತ್ತು.

ಹೇಳಿಕೊಂಡಾಗ

ವಿಶ್ವ ಆರೋಗ್ಯ ಸಂಸ್ಥೆ ಮೊದಲ ಹಂತದ ನೆರವನ್ನು 'ಲೈವ್ಸ್' ಎಂಬ ಐದಕ್ಷರದ ಇಂಗ್ಲಿಷ್ ಪದದಲ್ಲಿ ಹಿಡಿದಿಟ್ಟಿದೆ: ಆಲಿಸುವುದು, ಆಕೆಯ ಅಗತ್ಯಗಳನ್ನು ವಿಚಾರಿಸುವುದು, ಹೇಳಿದ್ದನ್ನು ನಂಬಿದ್ದೇವೆಂದು ತೋರಿಸುವುದು, ಸುರಕ್ಷತೆ ಹೆಚ್ಚಿಸುವುದು, ಬೇಕಾದ ಬೆಂಬಲಕ್ಕೆ ಜೋಡಿಸುವುದು. ಐದರಲ್ಲಿ ಅತಿ ಕಷ್ಟದ್ದು ಮೊದಲನೆಯದೇ. ಕೈ ಯಾವಾಗಲೂ ಏನಾದರೂ ಮಾಡುತ್ತಿರಬೇಕು ಎಂದು ನಮಗೆ ಕಲಿಸಲಾಗಿದೆ. ಸುಮ್ಮನೆ ಕುಳಿತು ಕೇಳುವುದೂ ಕೆಲಸವೇ ಎಂದು ಒಪ್ಪಿಕೊಳ್ಳಲು ನನಗೆ ವರ್ಷಗಳು ಬೇಕಾದವು.

ಆಕೆ ಅಳುತ್ತಿದ್ದರೆ ಅಳಲಿ. ಮೌನವಾದರೆ ಆ ಮೌನವನ್ನು ತುಂಬಲು ಹೋಗಬೇಡಿ. ಹೇಳಬೇಕಾದ ಮಾತುಗಳು ಕೆಲವೇ: "ಹೇಳಿದ್ದು ಒಳ್ಳೆಯದಾಯಿತು." "ಇದರಲ್ಲಿ ನಿಮ್ಮ ತಪ್ಪಿಲ್ಲ." "ಹೊಡೆಯುವುದಕ್ಕೆ ಯಾವ ಕಾರಣವೂ ಸರಿಯಲ್ಲ." ಆಮೇಲೆ, "ಈಗ ನಿಮಗೆ ಎಲ್ಲಕ್ಕಿಂತ ಹೆಚ್ಚು ಚಿಂತೆ ಯಾವುದರದ್ದು?" ಉತ್ತರ ನಮ್ಮ ಊಹೆಯಂತೆ ಇರುವುದು ಅಪರೂಪ. ನಾವು ಪೊಲೀಸ್ ದೂರಿನ ಬಗ್ಗೆ ಯೋಚಿಸುತ್ತಿರುತ್ತೇವೆ, ಆಕೆ ಶಾಲೆಯಿಂದ ಮಗಳನ್ನು ಕರೆತರುವವರು ಯಾರು ಎಂದು ಯೋಚಿಸುತ್ತಿರುತ್ತಾಳೆ.

ಹೇಳಬಾರದ ಮಾತುಗಳ ಪಟ್ಟಿ ದೊಡ್ಡದು. "ನೀವು ಏನು ಮಾಡಿದಿರಿ?" "ಇಷ್ಟು ದಿನ ಯಾಕೆ ಸಹಿಸಿಕೊಂಡಿರಿ?" "ಮಕ್ಕಳ ಮುಖ ನೋಡಿ ಹೊಂದಿಕೊಂಡು ಹೋಗಿ." "ಇವತ್ತೇ ಬಿಟ್ಟುಬಿಡಿ." ಕೊನೆಯ ಎರಡು ತದ್ವಿರುದ್ಧವಾಗಿ ಕಂಡರೂ ಒಂದೇ ಜಾತಿಯವು, ಎರಡೂ ಆಕೆಯ ಬದಲು ನಿರ್ಧಾರ ಮಾಡುತ್ತವೆ. ಮನೆಯಲ್ಲಿ ಒಬ್ಬ ಆಗಲೇ ಆಕೆಯ ಪರವಾಗಿ ಎಲ್ಲವನ್ನೂ ನಿರ್ಧರಿಸುತ್ತಿದ್ದಾನೆ. ನಾವು ಎರಡನೆಯವರಾಗುವುದು ಬೇಡ.

ಗಂಡನನ್ನು ಕರೆದು ಬುದ್ಧಿ ಹೇಳುವ ಹುಮ್ಮಸ್ಸು ಕೆಲವರಿಗೆ ಬರುತ್ತದೆ. ದಯವಿಟ್ಟು ಬೇಡ. ಇಬ್ಬರನ್ನೂ ಎದುರುಬದುರು ಕೂರಿಸಿ ರಾಜಿ ಮಾಡಿಸುವುದೂ ಬೇಡ. ನಿಮ್ಮೆದುರು ತಲೆಯಾಡಿಸಿ ಹೋದವನು ಮನೆಯ ಬಾಗಿಲು ಹಾಕಿದ ಮೇಲೆ ಲೆಕ್ಕ ಚುಕ್ತಾ ಮಾಡುತ್ತಾನೆ.

ಇಂದು ಮನೆಗೆ ಹೋಗುವುದು ಸುರಕ್ಷಿತವೇ?

ಅಪಾಯವನ್ನು ಅಳೆಯಲು ಪ್ರಶ್ನೆಗಳನ್ನು ರೂಪಿಸಿದವರಲ್ಲಿ ಪ್ರಮುಖರು ಒಬ್ಬ ನರ್ಸ್. ಅಮೆರಿಕದ ಜಾಕ್ವೆಲಿನ್ ಕ್ಯಾಂಪ್‌ಬೆಲ್ 1980ರ ದಶಕದಲ್ಲಿ ಸಿದ್ಧಪಡಿಸಿದ ಅಪಾಯ ಮಾಪನ ಸಾಧನ ಇಂದಿಗೂ ಬಳಕೆಯಲ್ಲಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕೈಪಿಡಿಯಲ್ಲಿರುವ ಪ್ರಶ್ನೆಗಳು ಇನ್ನೂ ಚಿಕ್ಕವು, ಪಾಳಿಯ ಗಡಿಬಿಡಿಯಲ್ಲೂ ಕೇಳಬಹುದಾದವು: ಕಳೆದ ಆರು ತಿಂಗಳಲ್ಲಿ ಹೊಡೆತ ಹೆಚ್ಚಾಗಿದೆಯೇ, ತೀವ್ರವಾಗಿದೆಯೇ? ಎಂದಾದರೂ ಆಯುಧ ಬಳಸಿದ್ದಾನೆಯೇ, ತೋರಿಸಿ ಹೆದರಿಸಿದ್ದಾನೆಯೇ? ಕತ್ತು ಹಿಸುಕಲು ಯತ್ನಿಸಿದ್ದಾನೆಯೇ? ನಿಮ್ಮನ್ನು ಕೊಂದುಬಿಡಬಹುದು ಅನ್ನಿಸುತ್ತದೆಯೇ? ಗರ್ಭಿಣಿಯಾಗಿದ್ದಾಗ ಹೊಡೆದಿದ್ದಾನೆಯೇ? ಸದಾ ವಿಪರೀತ ಅಸೂಯೆಯಿಂದ ವರ್ತಿಸುತ್ತಾನೆಯೇ? ಮೂರು ಅಥವಾ ಹೆಚ್ಚು ಪ್ರಶ್ನೆಗಳಿಗೆ ಹೌದು ಎಂದರೆ ತಕ್ಷಣದ ಅಪಾಯ ದೊಡ್ಡದು ಎಂದು ತಿಳಿಯಬೇಕು. ಒಂದೇ ಪ್ರಶ್ನೆಗೆ ಹೌದು ಎಂದರೂ, ಆಕೆಗೆ ಮನೆಗೆ ಹೋಗಲು ಭಯವಾಗುತ್ತಿದ್ದರೆ ಆ ಭಯವನ್ನೇ ನಂಬಿ. ವೈದ್ಯರ ಜೊತೆ ಮಾತನಾಡಿ ಒಂದು ರಾತ್ರಿಯಾದರೂ ದಾಖಲು ಮಾಡಿಕೊಳ್ಳಲು ಕಾರಣ ಹುಡುಕಬಹುದು.

ತನ್ನ ಜೀವ ತೆಗೆದುಕೊಳ್ಳುವ ಯೋಚನೆ ಬಂದಿದೆಯೇ ಎಂದೂ ಕೇಳಿ. ಕೇಳುವುದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ.

ಕತ್ತು ಹಿಸುಕಿದ ವಿಚಾರದಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ನಮ್ಮ ಕಣ್ಣು ಮೋಸಹೋಗುವುದು ಇಲ್ಲೇ. ಅರ್ಧದಷ್ಟು ಪ್ರಕರಣಗಳಲ್ಲಿ ಕುತ್ತಿಗೆಯ ಮೇಲೆ ಗುರುತೇ ಕಾಣುವುದಿಲ್ಲ. ದನಿ ಒಡೆದಿದೆಯೇ, ನುಂಗಲು ನೋವೇ, ಉಸಿರಾಟಕ್ಕೆ ತೊಂದರೆಯೇ ಎಂದು ವಿಚಾರಿಸಿ. ರೆಪ್ಪೆಯ ಒಳಗೆ, ಕಿವಿಯ ಹಿಂದೆ, ಬಾಯಿಯೊಳಗೆ ಸಾಸಿವೆ ಕಾಳಿಗಿಂತ ಸಣ್ಣ ಕೆಂಪು ಚುಕ್ಕೆಗಳಿವೆಯೇ ನೋಡಿ. ಕಣ್ಣು ಕತ್ತಲೆ ಬಂತೇ, ಪ್ರಜ್ಞೆ ತಪ್ಪಿತೇ, ಅರಿವಿಲ್ಲದೆ ಮೂತ್ರ ಹೋಯಿತೇ ಎಂದು ಕೇಳಿ. ಕುತ್ತಿಗೆಯ ರಕ್ತನಾಳದ ಒಳಪದರ ಹರಿದಿದ್ದರೆ ಪಾರ್ಶ್ವವಾಯು ಗಂಟೆಗಳ, ದಿನಗಳ ನಂತರವೂ ಬಡಿಯಬಹುದು. ಆದ್ದರಿಂದ "ಈಗ ಚೆನ್ನಾಗಿದ್ದೇನೆ" ಎಂಬ ಮಾತಿನ ಮೇಲೆ ಕಳುಹಿಸದೆ ತಕ್ಷಣ ವೈದ್ಯರ ಗಮನಕ್ಕೆ ತನ್ನಿ. ಹಿಂದೊಮ್ಮೆ ಕತ್ತು ಹಿಸುಕಿದವನಿಂದ ಮುಂದೆ ಕೊಲೆಯಾಗುವ ಸಂಭವ ಹಲವು ಪಟ್ಟು ಹೆಚ್ಚು.

ಲೈಂಗಿಕ ಹಿಂಸೆಯಾಗಿದ್ದರೆ ಗಡಿಯಾರ ನೋಡಿ

ಮೊದಲು ಜೀವಕ್ಕೆ ಅಪಾಯವಿರುವ ಗಾಯ, ನಂತರ ಉಳಿದದ್ದು. ಎಚ್‌ಐವಿ ತಡೆಯುವ ಔಷಧವನ್ನು 72 ಗಂಟೆಯೊಳಗೆ ಶುರು ಮಾಡಬೇಕು, ಆದಷ್ಟು ಬೇಗ, ಮತ್ತು 28 ದಿನ ತಪ್ಪದೆ ತೆಗೆದುಕೊಳ್ಳಬೇಕು. ತುರ್ತು ಗರ್ಭನಿರೋಧಕಕ್ಕೆ ಐದು ದಿನಗಳ ಅವಕಾಶವಿದ್ದರೂ ಪ್ರತಿ ಗಂಟೆ ತಡವಾದಂತೆ ಮಾತ್ರೆಯ ಪರಿಣಾಮ ತಗ್ಗುತ್ತದೆ. ಲೈಂಗಿಕ ಸೋಂಕುಗಳಿಗೆ ಔಷಧ, ಹೆಪಟೈಟಿಸ್ ಬಿ ಲಸಿಕೆ, ಅಗತ್ಯವಿದ್ದರೆ ಧನುರ್ವಾಯು ಚುಚ್ಚುಮದ್ದು ಇವುಗಳ ಬಗ್ಗೆ ವೈದ್ಯರಿಗೆ ನೆನಪಿಸಿ. ಪೊಲೀಸ್ ದೂರು ಕೊಡದಿದ್ದರೂ ಇವೆಲ್ಲ ಚಿಕಿತ್ಸೆ ಆಕೆಗೆ ಸಲ್ಲಬೇಕು.

ಸಾಕ್ಷ್ಯ ಸಂಗ್ರಹಕ್ಕೆ ಆಕೆ ಒಪ್ಪಿದರೆ, ಅದಾಗುವವರೆಗೆ ಸ್ನಾನ, ಬಟ್ಟೆ ಬದಲಾವಣೆ ಮಾಡದಿರುವುದು ಒಳ್ಳೆಯದೆಂದು ಕಾರಣ ಸಹಿತ ತಿಳಿಸಿ. ಬಟ್ಟೆಗಳನ್ನು ಪ್ರತ್ಯೇಕವಾಗಿ ಕಾಗದದ ಚೀಲಗಳಲ್ಲಿ ಹಾಕಿ. ಪ್ಲಾಸ್ಟಿಕ್ ಚೀಲದಲ್ಲಿ ತೇವ ಉಳಿದು ಸಾಕ್ಷ್ಯ ಕೊಳೆಯುತ್ತದೆ. ಪರೀಕ್ಷೆಯ ಪ್ರತಿ ಹಂತದಲ್ಲೂ "ಈಗ ಇದನ್ನು ಮಾಡುತ್ತೇವೆ, ಸರಿಯೇ?" ಎಂದು ಕೇಳಿ, ಬೇಡವೆಂದರೆ ಅಲ್ಲಿಗೇ ನಿಲ್ಲಿಸಿ. ಕನ್ಯತ್ವ ಪರೀಕ್ಷೆ ಎಂಬುದಕ್ಕೆ ವೈಜ್ಞಾನಿಕ ಆಧಾರವೇ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯೂ ಸೇರಿದಂತೆ ವಿಶ್ವಸಂಸ್ಥೆಯ ಅಂಗಸಂಸ್ಥೆಗಳು 2018ರಲ್ಲಿ ಅದನ್ನು ಕೊನೆಗಾಣಿಸುವಂತೆ ಕರೆ ಕೊಟ್ಟಿವೆ. ಯಾರಾದರೂ ಆ ಪರೀಕ್ಷೆಗೆ ತಯಾರಿ ಮಾಡಲು ಹೇಳಿದರೆ, ಆಗುವುದಿಲ್ಲ ಎನ್ನಬೇಕಾದವರು ನಾವೇ.

ಬರೆಯುವಾಗ

ನಾವು ಬರೆದದ್ದು ವರ್ಷಗಳ ನಂತರ ನ್ಯಾಯಾಲಯದಲ್ಲಿ ಓದಲ್ಪಡಬಹುದು. ಆಕೆಯ ಮಾತನ್ನು ಉದ್ಧರಣ ಚಿಹ್ನೆಯೊಳಗೆ ಹಾಗೆಯೇ ಬರೆಯಿರಿ: ರೋಗಿ ಹೇಳಿದ್ದು, "ನಿನ್ನೆ ರಾತ್ರಿ ಬೆಲ್ಟಿನಿಂದ ಬೆನ್ನಿಗೆ ಹೊಡೆದರು." 'ಆರೋಪಿಸುತ್ತಾಳೆ' ಎಂಬ ಪದ ಬೇಡ, 'ಹೇಳುತ್ತಾಳೆ' ಸಾಕು. ಗಾಯ ಎಲ್ಲಿದೆ, ಎಷ್ಟು ಸೆಂಟಿಮೀಟರ್, ಯಾವ ಬಣ್ಣ, ಯಾವ ಆಕಾರ ಎಂದು ಬರೆದು ದೇಹದ ಚಿತ್ರದಲ್ಲಿ ಗುರುತಿಸಿ. ಬಣ್ಣ ನೋಡಿ "ಮೂರು ದಿನ ಹಳೆಯದು" ಎಂದು ಮಾತ್ರ ಬರೆಯಬೇಡಿ, ಆ ಲೆಕ್ಕ ನಂಬಲರ್ಹವಲ್ಲ. ಒಪ್ಪಿಗೆಯಿದ್ದರಷ್ಟೇ ಫೋಟೋ, ಅದೂ ಆಸ್ಪತ್ರೆಯ ಕ್ಯಾಮೆರಾದಲ್ಲಿ. ನಿಮ್ಮ ಸ್ವಂತ ಮೊಬೈಲಿನಲ್ಲಿ ಬೇಡವೇ ಬೇಡ.

ಇನ್ನೊಂದು ವಿಷಯ ಹೆಚ್ಚಿನವರಿಗೆ ಹೊಳೆಯುವುದಿಲ್ಲ. ಡಿಸ್ಚಾರ್ಜ್ ಸಾರಾಂಶ ಆಕೆಯ ಜೊತೆ ಮನೆಗೆ ಹೋಗುತ್ತದೆ, ಗಂಡ ಅದನ್ನು ಓದುತ್ತಾನೆ. ಹಿಂಸೆಯ ವಿವರ ಆಸ್ಪತ್ರೆಯ ಕಡತದಲ್ಲಿರಲಿ, ಆ ಹಾಳೆಯಲ್ಲಿ ಬೇಡ. ಹಾಸಿಗೆಯ ಬುಡದಲ್ಲಿ ತೂಗುಹಾಕುವ ಚಾರ್ಟಿನಲ್ಲೂ ಬೇಡ. ಪಾಳಿ ಬದಲಾಗುವಾಗ ಈ ವಿಚಾರವನ್ನು ವಾರ್ಡಿನ ನಡುವೆ ನಿಂತು ಗಟ್ಟಿಯಾಗಿ ಒಪ್ಪಿಸುವುದಂತೂ ಕೂಡದು.

ಕಳುಹಿಸುವ ಮುನ್ನ

ಹೆಚ್ಚಿನವರು ಅಂದು ಅದೇ ಮನೆಗೇ ಮರಳುತ್ತಾರೆ. ಇದು ನಮ್ಮ ಸೋಲು ಎಂದು ನನಗೂ ಅನ್ನಿಸುತ್ತಿತ್ತು. ಆದರೆ ಬಿಟ್ಟುಹೋಗುವ ಹೊತ್ತು, ಬಿಟ್ಟುಹೋದ ಮೊದಲ ದಿನಗಳು ಹಲವರಿಗೆ ಅತಿ ಅಪಾಯದ ಸಮಯ. ಸಿದ್ಧತೆಯಿಲ್ಲದೆ ಹೊರಡುವುದಕ್ಕಿಂತ ಸಿದ್ಧತೆಯೊಂದಿಗೆ ಉಳಿದಿರುವುದು ಕೆಲವು ಕಾಲ ಜಾಣತನವೇ ಆಗಿರಬಹುದು.

ಹತ್ತು ನಿಮಿಷವಿದ್ದರೂ ಈ ಸಿದ್ಧತೆಯ ಮಾತನ್ನು ಆಕೆಯ ಜೊತೆ ಆಡಿ. ರಾತ್ರಿ ಹೊರಡಬೇಕಾದರೆ ಎಲ್ಲಿಗೆ, ಹೇಗೆ? ಮಕ್ಕಳು ಜೊತೆಗೆ ಬರುತ್ತಾರೆಯೇ? ಗುರುತಿನ ಚೀಟಿ, ಸ್ವಲ್ಪ ಹಣ, ಔಷಧಿ, ಒಂದು ಜೊತೆ ಬಟ್ಟೆಯನ್ನು ನಂಬಿಕೆಯ ಬೇರೊಬ್ಬರ ಮನೆಯಲ್ಲಿ ಇಡಬಹುದೇ? ಕೂಗು ಕೇಳಿದರೆ ಬಂದು ಬಾಗಿಲು ಬಡಿಯುವ ನೆರೆಯವರಿದ್ದಾರೆಯೇ? ಜಗಳ ಶುರುವಾದಾಗ ಚಾಕುಗಳಿರುವ ಅಡುಗೆಮನೆ, ಹೊರಬಾಗಿಲಿಲ್ಲದ ಸ್ನಾನದ ಮನೆ ಬಿಟ್ಟು ಬಾಗಿಲ ಹತ್ತಿರ ಸರಿಯುವುದು ಒಳ್ಳೆಯದು. ಫೋನನ್ನು ಅವನು ನೋಡುತ್ತಾನೆಯೇ, ಆಕೆ ಎಲ್ಲಿದ್ದಾಳೆಂದು ಅದರಲ್ಲಿ ತಿಳಿದುಕೊಳ್ಳುತ್ತಾನೆಯೇ ಎಂದೂ ಕೇಳಿ.

ಸಹಾಯವಾಣಿಯ ಕರಪತ್ರವನ್ನು ಕೈಗಿಡುವ ಮೊದಲು, ಅದನ್ನು ಒಯ್ಯುವುದು ಸುರಕ್ಷಿತವೇ ಎಂದು ಕೇಳಿ. ಬೇಡವೆಂದರೆ ಸಂಖ್ಯೆಯನ್ನು ಬಾಯಿಪಾಠ ಮಾಡಿಸಬಹುದು, ಅಥವಾ ಆಸ್ಪತ್ರೆಗೇ ಕರೆ ಮಾಡಿ ನಿಮ್ಮ ಹೆಸರು ಹೇಳಲು ತಿಳಿಸಬಹುದು. ಸಾಧ್ಯವಿದ್ದರೆ ಆಪ್ತಸಮಾಲೋಚಕರ ಬಳಿಗೆ ಚೀಟಿ ಕೊಟ್ಟು ಕಳುಹಿಸದೆ ಜೊತೆಯಲ್ಲೇ ಹೋಗಿ ಪರಿಚಯ ಮಾಡಿಸಿ. ಒಬ್ಬಳೇ ಹೋಗಲು ಹೇಳಿದರೆ ದಾರಿಯಲ್ಲೇ ಮನಸ್ಸು ಬದಲಾಗುತ್ತದೆ.

ಇಷ್ಟೆಲ್ಲ ಕೇಳಿಸಿಕೊಂಡವರ ಎದೆಯಲ್ಲಿ ಭಾರ ಉಳಿಯುತ್ತದೆ. ನರ್ಸ್‌ಗಳಲ್ಲೂ ಏಟು ತಿಂದವರಿದ್ದಾರೆ; ಸಮವಸ್ತ್ರ ಯಾರನ್ನೂ ಕಾಪಾಡುವುದಿಲ್ಲ. ಅಂಥವರು "ಈ ರೋಗಿಯನ್ನು ನನ್ನಿಂದ ನೋಡಲಾಗುವುದಿಲ್ಲ" ಎಂದರೆ ಕಾರಣ ಕೆದಕದೆ ಪಾಳಿಯ ಹಿರಿಯರು ಕೆಲಸ ಬದಲಿಸಿ ಕೊಡಬೇಕು.

ವಾರಗಳ ಮೇಲೆ ಆಕೆ ಮತ್ತೆ ಬರಬಹುದು, ಜ್ವರಕ್ಕೋ, ಮಗುವಿನ ಲಸಿಕೆಗೋ. ಹಿಂದಿನದೇನನ್ನೂ ಎತ್ತದೆ ಬಿ.ಪಿ. ಪಟ್ಟಿ ಸುತ್ತುತ್ತಾ, ಅಕ್ಕಪಕ್ಕ ಯಾರೂ ಇಲ್ಲವೆಂದು ಖಚಿತ ಮಾಡಿಕೊಂಡು, ಇಷ್ಟು ಕೇಳಿ: "ಹೋದ ಸಲ ಸ್ವಲ್ಪ ಮಾತನಾಡಿದ್ದೆವು. ಈಗ ಹೇಗಿದ್ದೀರಿ?"